ಶಿಬಿರ ಮುಗಿದ ಮರುದಿನ: ಮಹಿಳೆಯರ ಆರೋಗ್ಯ ತಪಾಸಣೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದ ಉಪನ್ಯಾಸದ ಪಠ್ಯ)



ಕುಡಿಯುವ ನೀರಿನ ಕಾಮಗಾರಿ ಪೂರ್ಣಗೊಂಡಿದೆ ಎಂಬ ವರದಿ ಸಭೆಯ ಮುಂದೆ ಬಂದಾಗ ಅನುಭವವುಳ್ಳ ಸದಸ್ಯರು ಕೇಳುವ ಮೊದಲ ಪ್ರಶ್ನೆ ಒಂದೇ: ಊರಿನ ಕೊನೆಯ ಮನೆಯ ನಲ್ಲಿಗೆ ನೀರು ಬರುತ್ತಿದೆಯೇ? ಓವರ್‌ಹೆಡ್ ಟ್ಯಾಂಕ್ ತುಂಬಿದೆ ಎಂಬ ಉತ್ತರದಿಂದ ಯಾರೂ ತೃಪ್ತರಾಗುವುದಿಲ್ಲ. ಟ್ಯಾಂಕಿಗೂ ನಲ್ಲಿಗೂ ನಡುವೆ ಪೈಪು ಒಡೆದಿರಬಹುದು, ವಾಲ್ವ್ ಮುಚ್ಚಿರಬಹುದು ಎಂಬುದು ನೀರುಗಂಟಿಯಿಂದ ಅಧ್ಯಕ್ಷರವರೆಗೆ ಎಲ್ಲರಿಗೂ ತಿಳಿದ ಸಂಗತಿ.

ಆದರೆ ಮಹಿಳೆಯರ ಆರೋಗ್ಯ ತಪಾಸಣಾ ಶಿಬಿರದ ವರದಿ ಬಂದಾಗ ಅದೇ ಸಭೆ, ಇಷ್ಟು ಮಂದಿ ತಪಾಸಣೆಗೆ ಒಳಗಾದರು ಎಂಬ ಒಂದೇ ಸಂಖ್ಯೆಯನ್ನು ಕೇಳಿ ಮುಂದಿನ ವಿಷಯಕ್ಕೆ ಸಾಗುತ್ತದೆ. ಬಾರದೆ ಉಳಿದವರು ಯಾರು, ದೋಷ ಕಂಡುಬಂದವರಲ್ಲಿ ಎಷ್ಟು ಮಂದಿ ಆಸ್ಪತ್ರೆಯನ್ನು ತಲುಪಿದರು ಎಂಬ ಪ್ರಶ್ನೆ ನಡವಳಿ ಪುಸ್ತಕದಲ್ಲಿ ದಾಖಲಾಗುವುದು ವಿರಳ. ಈ ಪ್ರಶ್ನೆಗಳನ್ನು ಕೇಳುವುದೇ ತಪಾಸಣೆಯ ವಿಷಯದಲ್ಲಿ ಗ್ರಾಮ ಪಂಚಾಯಿತಿಯ ಪ್ರಧಾನ ಕರ್ತವ್ಯ ಎಂಬುದು ಈ ಉಪನ್ಯಾಸದ ತಿರುಳು.

ನೋವಿಲ್ಲದಿರುವಾಗಲೇ ತಪಾಸಣೆ ಏಕೆ?

ಅಧಿಕ ರಕ್ತದೊತ್ತಡ ಮತ್ತು ಮಧುಮೇಹ ಬಹುಕಾಲ ಯಾವ ನೋವನ್ನೂ ಕೊಡದೆ ದೇಹದೊಳಗೆ ಬೆಳೆಯುತ್ತವೆ. ಗರ್ಭಕಂಠದ ಕ್ಯಾನ್ಸರ್ ವಿಷಯದಲ್ಲಿ ಮೊದಲ ಸೋಂಕಿನಿಂದ ರೋಗ ಬಲಿಯುವವರೆಗೆ ಸಾಮಾನ್ಯವಾಗಿ 10 ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಈ ದೀರ್ಘ ಅವಧಿಯೇ ಮಹಿಳೆಗೆ ಸಿಗುವ ಅವಕಾಶ. ನೋವು ಕಾಣಿಸಿಕೊಂಡ ಮೇಲೆ ಆಸ್ಪತ್ರೆಗೆ ಹೋಗುವವರು ಆ ಅವಕಾಶವನ್ನು ಬಹುಪಾಲು ಕಳೆದುಕೊಂಡಿರುತ್ತಾರೆ.

ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ 30 ವರ್ಷ ಮೇಲ್ಪಟ್ಟ ಪ್ರತಿಯೊಬ್ಬ ಮಹಿಳೆಗೂ ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ರಕ್ತದ ಸಕ್ಕರೆ ಅಂಶದ ಪರೀಕ್ಷೆ ಆಗಬೇಕು. 30ರಿಂದ 65 ವರ್ಷದೊಳಗಿನವರಿಗೆ 5 ವರ್ಷಕ್ಕೊಮ್ಮೆ ಬಾಯಿ, ಸ್ತನ ಮತ್ತು ಗರ್ಭಕಂಠದ ಪರೀಕ್ಷೆ ಆಗಬೇಕು. ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಅಥವಾ ಕಡ್ಡಿಪುಡಿ ಹಾಕಿಕೊಳ್ಳುವ ಅಭ್ಯಾಸವಿರುವ ಹಿರಿಯ ಮಹಿಳೆಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಬಾಯಿಯ ಪರೀಕ್ಷೆ ಅವರಿಗೆ ಅತ್ಯಗತ್ಯ.

ಗರ್ಭಕಂಠದ ಪರೀಕ್ಷೆಯ ಹೆಸರು ಕೇಳಿಯೇ ಹಿಂಜರಿಯುವವರು ಹೆಚ್ಚು. ವಿಐಎ ಎಂದು ಕರೆಯಲಾಗುವ ಈ ಪರೀಕ್ಷೆಯಲ್ಲಿ ಶೇ 3ರಿಂದ 5ರಷ್ಟು ಸಾಂದ್ರತೆಯ ಅಸಿಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಮೂಡುವುದೇ ಎಂದು ಬರಿಗಣ್ಣಿನಿಂದ ನೋಡಲಾಗುತ್ತದೆ. ಅಡುಗೆಗೆ ಬಳಸುವ ವಿನಿಗರ್‌ನಲ್ಲಿರುವುದೂ ಇದೇ ಆಮ್ಲ. ಫಲಿತಾಂಶ ಅಲ್ಲಿಯೇ ತಿಳಿಯುತ್ತದೆ. ಬಿಳಿ ಮಚ್ಚೆ ಕಂಡಿತೆಂದ ಮಾತ್ರಕ್ಕೆ ಕ್ಯಾನ್ಸರ್ ಇದೆ ಎಂದಲ್ಲ. ಮುಂದಿನ ಪರೀಕ್ಷೆ ಅಗತ್ಯ ಎಂದಷ್ಟೇ ಅರ್ಥ. ಕ್ಯಾನ್ಸರ್ ಆಗುವ ಮುನ್ನಿನ ಹಂತದ ಬದಲಾವಣೆಗಳನ್ನು ಬಹುಪಾಲು ಸಂದರ್ಭಗಳಲ್ಲಿ ಗರ್ಭಕೋಶವನ್ನು ಉಳಿಸಿಕೊಂಡೇ ನಿವಾರಿಸಬಹುದು.

ಬಿಳಿಸೆರಗು ಅಥವಾ ಹೊಟ್ಟೆನೋವಿಗಾಗಿ ಹೋದ ಬಡ ಮಹಿಳೆಗೆ ಕ್ಯಾನ್ಸರ್ ಭಯ ಹುಟ್ಟಿಸಿ, ಸಾಲ ಮಾಡಿಸಿ, ಗರ್ಭಕೋಶ ತೆಗೆಸಿದ ಪ್ರಕರಣಗಳು ರಾಜ್ಯದಲ್ಲಿ ತನಿಖೆಗೂ ಒಳಗಾಗಿವೆ. ಸಮೀಪದಲ್ಲಿಯೇ ಉಚಿತವಾಗಿ, ನಂಬಿಕೆಗೆ ಅರ್ಹವಾದ ತಪಾಸಣೆ ದೊರೆಯುವುದು ಇಂತಹ ಶೋಷಣೆಗೂ ತಡೆಯಾಗುತ್ತದೆ.

ರಕ್ತಹೀನತೆಯ ವಿಷಯ ಇನ್ನೂ ಹತ್ತಿರದ್ದು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಪ್ರಮಾಣ 12 ಗ್ರಾಂಗಿಂತ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಆಯಾಸ, ಏದುಸಿರುಗಳನ್ನು ದುಡಿಮೆಯ ದಣಿವೆಂದು ಭಾವಿಸಿ ವರ್ಷಗಟ್ಟಲೆ ಸಹಿಸಿಕೊಂಡವರ ಪಾಲಿಗೆ ಬೆರಳ ತುದಿಯ ಒಂದು ಹನಿ ರಕ್ತದ ಪರೀಕ್ಷೆ ದೊಡ್ಡ ಸಂಗತಿ. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜವೆಂದೂ, ಮಾತ್ರೆಯನ್ನು ಕಾಫಿ, ಚಹಾದೊಡನೆ ಸೇವಿಸಬಾರದೆಂದೂ ತಿಳಿಸಿ ಹೇಳಿದರೆ ಮಾತ್ರೆಯನ್ನು ಅರ್ಧಕ್ಕೆ ಬಿಡುವವರ ಸಂಖ್ಯೆ ತಗ್ಗುತ್ತದೆ.

ದಿಂಡಿಗಲ್ ಕಲಿಸುವ ಪಾಠ

ಹಳ್ಳಿಗಳಲ್ಲಿ ಇಂತಹ ತಪಾಸಣೆಯಿಂದ ನಿಜವಾಗಿ ಜೀವ ಉಳಿಯುತ್ತದೆಯೇ ಎಂಬ ಸಂಶಯಕ್ಕೆ ನೆರೆಯ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಗ್ರಾಮಗಳು ಉತ್ತರ ನೀಡಿವೆ. ಅಲ್ಲಿ 2000ದಿಂದ 2003ರವರೆಗೆ ತರಬೇತಿ ಪಡೆದ ದಾದಿಯರು 30ರಿಂದ 59 ವರ್ಷದ ಮಹಿಳೆಯರಿಗೆ ಒಂದು ಸುತ್ತಿನ ವಿಐಎ ಪರೀಕ್ಷೆ ನಡೆಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಪಾಸಣೆ ನಡೆಯದ ಗ್ರಾಮಗಳಿಗೆ ಹೋಲಿಸಿದಾಗ ಈ ಗ್ರಾಮಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಪ್ರಕರಣಗಳು ಶೇ 25ರಷ್ಟು, ಅದರಿಂದಾಗುವ ಸಾವುಗಳು ಶೇ 35ರಷ್ಟು ಕಡಿಮೆಯಾಗಿದ್ದವು. ತಪಾಸಣೆ ನಡೆಸಿದವರು ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ದಾದಿಯರು ಎಂಬುದು ಗಮನಾರ್ಹ.

ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ತಪಾಸಣೆಗೆ ಅರ್ಹರಾಗಿದ್ದವರು 49,311. ಪರೀಕ್ಷೆಗೆ ಬಂದವರು 31,343. ವಿಶೇಷ ಪ್ರಯತ್ನ ಮಾಡಿದ ಕಡೆಯಲ್ಲಿಯೂ ಸುಮಾರು 18,000 ಮಹಿಳೆಯರು ಹೊರಗೆ ಉಳಿದರು. ಸಾಮಾನ್ಯ ಪರಿಸ್ಥಿತಿಯಲ್ಲಿ ಈ ಅಂತರ ಬಹಳ ಹೆಚ್ಚು. ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಂಡವರು ಶೇ 1.9, ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ 0.9 ಮಾತ್ರ.

ಸೋರಿಕೆ ಎಲ್ಲಿ?

ಒಂದು ವಾರ್ಡಿನಲ್ಲಿ 30 ವರ್ಷ ಮೇಲ್ಪಟ್ಟ 100 ಮಹಿಳೆಯರಿದ್ದಾರೆ ಎಂದು ಭಾವಿಸಬಹುದು. ಶಿಬಿರಕ್ಕೆ 60 ಮಂದಿ ಬಂದರು. ಅವರಲ್ಲಿ 6 ಮಂದಿಗೆ ತಾಲ್ಲೂಕು ಆಸ್ಪತ್ರೆಗೆ ಹೋಗುವಂತೆ ಚೀಟಿ ಬರೆದುಕೊಡಲಾಯಿತು. 2 ಮಂದಿ ಹೋದರು. ವರದಿಯಲ್ಲಿ ಕಾಣುವುದು 60 ಎಂಬ ಸಂಖ್ಯೆ. ಕಾಣದಿರುವುದು ಬಾರದ 40 ಮಂದಿ ಮತ್ತು ಚೀಟಿ ಹಿಡಿದೂ ಹೋಗದ 4 ಮಂದಿ. ಶಿಬಿರದ ಸಾರ್ಥಕತೆ ನಿರ್ಧಾರವಾಗುವುದು ಈ 4 ಮಂದಿಯಿಂದ. ಅವರು ಮನೆಯಲ್ಲಿಯೇ ಉಳಿದರೆ ತಪಾಸಣೆ ಅವರಿಗೆ ಭಯವನ್ನು ಮಾತ್ರ ಕೊಟ್ಟಂತಾಗುತ್ತದೆ.

ಅವರು ಏಕೆ ಹೋಗಲಿಲ್ಲ ಎಂದು ವಿಚಾರಿಸಿದರೆ ದೊರೆಯುವ ಕಾರಣಗಳಲ್ಲಿ ವೈದ್ಯಕೀಯವಾದದ್ದು ಬಹುತೇಕ ಇರುವುದಿಲ್ಲ. ಒಬ್ಬರಿಗೆ ಆ ದಿನದ ಕೂಲಿ ತಪ್ಪುತ್ತದೆ. ಇನ್ನೊಬ್ಬರಿಗೆ ಬೆಳಗಿನ ಬಸ್ಸು ಸಿಕ್ಕರೂ ಸಂಜೆ ಹಾಲು ಕರೆಯುವ ಹೊತ್ತಿಗೆ ಮರಳಿ ಬರಲಾಗುವುದಿಲ್ಲ. ಮತ್ತೊಬ್ಬರ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲ. ಮಗದೊಬ್ಬರು, ಚೆನ್ನಾಗಿಯೇ ಇರುವಾಗ ಆಸ್ಪತ್ರೆ ಏಕೆ ಎಂಬ ಮನೆಯ ಹಿರಿಯರ ಮಾತಿಗೆ ಸುಮ್ಮನಾಗುತ್ತಾರೆ. ಇವು ವೈದ್ಯರು ಬಗೆಹರಿಸುವ ಸಮಸ್ಯೆಗಳಲ್ಲ. ಊರನ್ನೂ ಮನೆಗಳನ್ನೂ ಹೆಸರು ಹಿಡಿದು ಬಲ್ಲ ಸದಸ್ಯರು ಬಗೆಹರಿಸಬಹುದಾದವು.

ಪಂಚಾಯಿತಿ ಮಾಡಬಹುದಾದ ಕೆಲಸ

ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಆರೋಗ್ಯವೂ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯೂ ಸೇರಿವೆ. ಆದುದರಿಂದ ಇದು ಆರೋಗ್ಯ ಇಲಾಖೆಗೆ ಮಾತ್ರ ಸೇರಿದ ಕೆಲಸವೆಂದು ಭಾವಿಸಲು ಅವಕಾಶವಿಲ್ಲ. ಗ್ರಾಮ ಪಂಚಾಯಿತಿ ಆರೋಗ್ಯ ಅಮೃತ ಅಭಿಯಾನ ಹಾಗೂ ಗೃಹ ಆರೋಗ್ಯ ಯೋಜನೆಗಳ ಮೂಲಕ ತಪಾಸಣೆ ಊರಿಗೂ ಮನೆಬಾಗಿಲಿಗೂ ಬರುತ್ತಿದೆ. ಅದಕ್ಕೆ ಪೂರಕವಾಗಿ ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಬಹುದು.

1. ವಾರ್ಡುವಾರು ಪಟ್ಟಿ: ಆಶಾ ಕಾರ್ಯಕರ್ತೆಯರು 30 ವರ್ಷ ಮೇಲ್ಪಟ್ಟವರ ಮೌಲ್ಯಮಾಪನ ನಮೂನೆಯನ್ನು ಮನೆಮನೆಗೆ ಹೋಗಿ ಭರ್ತಿ ಮಾಡುತ್ತಾರೆ. ತಮ್ಮ ವಾರ್ಡಿನಲ್ಲಿ ಯಾವ ಬೀದಿ, ಯಾವ ತಾಂಡಾ, ಯಾವ ತೋಟದ ಮನೆಗಳು ಬಿಟ್ಟುಹೋಗಿವೆ ಎಂಬುದನ್ನು ಸದಸ್ಯರು ಅವರೊಡನೆ ಕುಳಿತು ಗುರುತಿಸಬೇಕು. ಒಂಟಿಯಾಗಿ ವಾಸಿಸುವ ವೃದ್ಧೆಯರು, ಅಂಗವಿಕಲ ಮಹಿಳೆಯರು ಮತ್ತು ವಲಸೆ ಕಾರ್ಮಿಕ ಕುಟುಂಬಗಳ ಮಹಿಳೆಯರು ಪಟ್ಟಿಯಿಂದ ತಪ್ಪಿಹೋಗುವುದು ಹೆಚ್ಚು.

2. ಸ್ಥಳ ಮತ್ತು ಮರೆ: ಸಮುದಾಯ ಭವನದ ನಡುವೆ ಮೇಜು ಹಾಕಿ ಸ್ತನ ಅಥವಾ ಗರ್ಭಕಂಠದ ಪರೀಕ್ಷೆ ನಡೆಸಲಾಗದು. ಬಾಗಿಲು ಹಾಕಬಹುದಾದ ಕೊಠಡಿ, ಪರದೆ, ಸಾಕಷ್ಟು ಬೆಳಕು, ನೀರು ಮತ್ತು ಬಳಸಲು ಯೋಗ್ಯವಾದ ಶೌಚಾಲಯ ಇರಬೇಕು. ಉಪಕೇಂದ್ರದಲ್ಲಿ ಇವುಗಳ ಕೊರತೆಯಿದ್ದಲ್ಲಿ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಆರೋಗ್ಯಕರ ಗ್ರಾಮ ಎಂಬ ವಿಷಯದಡಿ ಅದನ್ನು ಸೇರಿಸಬಹುದು.

3. ದಿನ ಮತ್ತು ಸಮಯ: ಬಿತ್ತನೆ, ಕೊಯ್ಲು, ಸಂತೆ ಮತ್ತು ಜಾತ್ರೆಯ ದಿನಗಳನ್ನು ಬಿಟ್ಟು ದಿನ ಗೊತ್ತುಪಡಿಸಬೇಕು. ಕೂಸಿನ ಮನೆ ಇರುವಲ್ಲಿ ಅದರ ಸೌಲಭ್ಯಕ್ಕೆ ಅರ್ಹವಾದ ಮಕ್ಕಳನ್ನು ಅಲ್ಲಿ ಬಿಟ್ಟು ತಾಯಂದಿರು ತಪಾಸಣೆಗೆ ತೆರಳಲು ಅನುಕೂಲ ಮಾಡಿಕೊಡಬಹುದು. ಗರ್ಭಿಣಿಯರಿಗೆ ಪ್ರತಿ ತಿಂಗಳ 9ನೆಯ ದಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವಿಶೇಷ ತಪಾಸಣೆ ನಡೆಯುತ್ತದೆ. ಆ ದಿನವನ್ನು ಡಂಗುರ ಅಥವಾ ಧ್ವನಿವರ್ಧಕದ ಮೂಲಕ ನೆನಪಿಸುವುದು ಕಷ್ಟದ ಕೆಲಸವಲ್ಲ.

4. ಜೊತೆಗಾರ್ತಿ: ಆಸ್ಪತ್ರೆಗೆ ಚೀಟಿ ಪಡೆದವರನ್ನು ಒಬ್ಬೊಬ್ಬರನ್ನಾಗಿ ಕಳುಹಿಸುವ ಬದಲು ಒಂದೇ ದಿನ ಒಟ್ಟಾಗಿ, ಅವರ ಒಪ್ಪಿಗೆ ಪಡೆದು, ಆಶಾ ಕಾರ್ಯಕರ್ತೆಯೊಡನೆ ಕಳುಹಿಸಿದರೆ ಧೈರ್ಯವೂ ಹೆಚ್ಚುತ್ತದೆ, ವೆಚ್ಚವೂ ತಗ್ಗುತ್ತದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ನಿಗದಿಯಾಗಿರುವ ವಾರ್ಷಿಕ 10,000 ರೂಪಾಯಿಗಳ ಮುಕ್ತ ನಿಧಿಯನ್ನು ಕಡುಬಡವರ ಪ್ರಯಾಣದಂತಹ ಅಗತ್ಯಕ್ಕೆ ಬಳಸುವ ಬಗ್ಗೆ ಸಮಿತಿಯಲ್ಲಿ ಚರ್ಚಿಸಿ ನಿರ್ಣಯ ಕೈಗೊಳ್ಳಬಹುದು. ಮುಂದಿನ ಚಿಕಿತ್ಸೆಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಆಧಾರ್ ಮತ್ತು ಪಡಿತರ ಚೀಟಿಯ ದೋಷಗಳಿಂದ ಚಿಕಿತ್ಸೆ ವಿಳಂಬವಾಗದಂತೆ ಮೊದಲೇ ಸರಿಪಡಿಸಿಕೊಡುವುದು ಪಂಚಾಯಿತಿ ಕಚೇರಿಯಿಂದ ಸಲ್ಲಬಹುದಾದ ದೊಡ್ಡ ನೆರವು.

ಗೌಪ್ಯತೆ ಕಾಪಾಡುವುದು ಕಡ್ಡಾಯ

ಅನುಸರಣೆ ಎಂದರೆ ಹೆಸರುಗಳ ಪ್ರಕಟಣೆ ಅಲ್ಲ. ಯಾರಿಗೆ ಯಾವ ದೋಷ ಕಂಡುಬಂದಿದೆ ಎಂಬ ವಿವರ ಆಕೆ, ಸಮುದಾಯ ಆರೋಗ್ಯ ಅಧಿಕಾರಿ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಮತ್ತು ಆಶಾ ಕಾರ್ಯಕರ್ತೆಯ ನಡುವೆ ಉಳಿಯಬೇಕು. ಗ್ರಾಮ ಸಭೆಯಲ್ಲಾಗಲಿ, ಸಾಮಾನ್ಯ ಸಭೆಯಲ್ಲಾಗಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಹೆಸರು ಅಥವಾ ಪರೀಕ್ಷೆಯ ಭಾವಚಿತ್ರ ಬರಕೂಡದು. ಒಬ್ಬ ಮಹಿಳೆಯ ವಿಷಯ ಬೀದಿಯ ಮಾತಾದರೆ ಮುಂದಿನ ಶಿಬಿರಕ್ಕೆ ಆ ಬೀದಿಯಿಂದ ಯಾರೂ ಬರುವುದಿಲ್ಲ. ಸಭೆಗೆ ಬೇಕಾದುದು ಸಂಖ್ಯೆಗಳು ಮಾತ್ರ.

ಮೂರು ಸಂಖ್ಯೆಗಳು

ಆ ಸಂಖ್ಯೆಗಳು ಮೂರು. ವಾರ್ಡಿನಲ್ಲಿ ತಪಾಸಣೆಗೆ ಅರ್ಹರಾದ ಮಹಿಳೆಯರು ಎಷ್ಟು? ಅವರಲ್ಲಿ ತಪಾಸಣೆ ಆದವರು ಎಷ್ಟು? ಮುಂದಿನ ಆಸ್ಪತ್ರೆಗೆ ಕಳುಹಿಸಲ್ಪಟ್ಟವರಲ್ಲಿ ಅಲ್ಲಿಗೆ ತಲುಪಿ, ಫಲಿತಾಂಶ ಪಡೆದು, ಅಗತ್ಯವಿದ್ದ ಚಿಕಿತ್ಸೆ ಆರಂಭಿಸಿದವರು ಎಷ್ಟು? ಪ್ರತಿ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ಮೂರಕ್ಕೂ ಸ್ಥಾನವಿರಲಿ; ಮಹಿಳಾ ಗ್ರಾಮ ಸಭೆಯಲ್ಲಿಯೂ ಇವುಗಳನ್ನು ಓದಿ ಹೇಳಲಿ. ಮೂರನೆಯ ಸಂಖ್ಯೆ ಸಭೆಯ ಮುಂದೆ ಬರುವವರೆಗೆ ಶಿಬಿರ ಮುಗಿಯಿತೆಂದು ದಾಖಲಿಸದಿರುವುದು ಒಳ್ಳೆಯ ಪದ್ಧತಿ.

ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಅವರಲ್ಲಿ 30 ವರ್ಷ ದಾಟಿದವರು ಮೊದಲು ತಾವೇ ತಪಾಸಣೆಗೆ ಒಳಗಾದರೆ, ಅದು ಹತ್ತು ಕರಪತ್ರಗಳಿಗಿಂತ ಹೆಚ್ಚು ಪರಿಣಾಮ ಬೀರುತ್ತದೆ. ಪುರುಷ ಸದಸ್ಯರ ಕೆಲಸವೂ ಕಡಿಮೆಯದಲ್ಲ. ಸಂಜೆಯ ಹಾಲು ಕರೆಯುವ ಕೆಲಸವನ್ನು ಒಂದು ದಿನ ತಾವು ನೋಡಿಕೊಳ್ಳುವುದಾಗಿ ಮನೆಯ ಗಂಡಸರು ಹೇಳುವಂತೆ ಮಾಡುವುದು ಅವರಿಂದ ಸಾಧ್ಯ.

ಕೊನೆಯ ಮನೆಯ ನಲ್ಲಿಗೆ ನೀರು ಬರುವವರೆಗೆ ಬಿಡದೆ ಕೇಳುವ ಸದಸ್ಯರು ಆ ಮನೆಯ ಮಹಿಳೆಯ ತಪಾಸಣೆಯ ಬಗೆಗೂ ಅಷ್ಟೇ ಬಿಡದೆ ಕೇಳಲಿ ಎಂಬ ಆಶಯದೊಂದಿಗೆ ಉಪನ್ಯಾಸ ಮುಕ್ತಾಯಗೊಳ್ಳುತ್ತದೆ.