ಡೇರೆ ಹೂವಿನ ಹೆಸರು

ಮಳೆಗಾಲದ ಮಲೆನಾಡಿನಲ್ಲಿ ಅಂಗಳದ ತುಂಬ ಡೇರೆ ಹೂವು. ಕೆಂಪು, ಹಳದಿ, ನೇರಳೆ. ಎಸಳುಗಳಲ್ಲಿ ನೀರು ತುಂಬಿ ಹೂವು ತಲೆ ಬಾಗಿಸುತ್ತದೆ. ಮನೆಯಾಕೆ ಗಿಡಕ್ಕೊಂದು ಕೋಲು ಊರಿ, ಬಾಳೆನಾರಿನಲ್ಲಿ ಕಟ್ಟುತ್ತಾಳೆ.

ಇದರ ತವರು ದೂರದ ಮೆಕ್ಸಿಕೊ. 1791ರಲ್ಲಿ ಸ್ಪೇನಿನ ಸಸ್ಯವಿಜ್ಞಾನಿ ಕವನೀಯೆಸ್ ಇದಕ್ಕೆ ‘ಡೇಲಿಯಾ’ ಎಂದು ಹೆಸರಿಟ್ಟರು. ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಅವರ ಗೌರವಕ್ಕೆ. ಆದರೆ ಡಾಲ್ 1789ರಲ್ಲೇ ತೀರಿಕೊಂಡಿದ್ದರು. ತಮ್ಮ ಹೆಸರು ಹೂವಾದದ್ದು ಅವರಿಗೆ ಗೊತ್ತಾಗಲೇ ಇಲ್ಲ.

ಮಲೆನಾಡಿನಲ್ಲಿ ಆ ಹೆಸರೂ ಸವೆದು ‘ಡೇರೆ’ಯಾಯಿತು. ಹೂವಿನ ಬಣ್ಣ ಮಾತ್ರ ಸವೆಯಲಿಲ್ಲ. ಕಲ್ಲಿನಲ್ಲಿ ಕೆತ್ತಿಸಿದ ಹೆಸರಿಗಿಂತ ಕೈಯಿಂದ ಕೈಗೆ ದಾಟಿದ ಡೇರೆ ಗಡ್ಡೆಯೇ ಹೆಚ್ಚು ಬಾಳುತ್ತದೆ. ಮಳೆ ಹಿಡಿಯುವ ಮುನ್ನ ಒಂದು ಗಡ್ಡೆ ನೆಡಿ. ಒಂದನ್ನು ನೆರೆಮನೆಗೆ ಕೊಡಿ.