ವೈರು ಎಲ್ಲಿ ಹಾಯಬೇಕು?



ಹಳೆಯ ಕಲಾವಸ್ತುವನ್ನು ದೀಪ ಮಾಡಬಹುದೇ ಎಂಬುದು ಈ ವಿಚಾರ ಸಂಕಿರಣದ ಪ್ರಶ್ನೆ. ನಾನು ಅದನ್ನು ಇನ್ನೂ ಸಣ್ಣದು ಮಾಡಿ ಕೇಳುತ್ತೇನೆ: ವೈರು ಎಲ್ಲಿ ಹಾಯಬೇಕು?

ಚೀನಾದ ಜೇಡ್ ಕೆತ್ತನೆಯನ್ನೇ ನೋಡಿ. ಜೇಡ್ ಉಳಿಗೆ ಬಗ್ಗುವ ಕಲ್ಲಲ್ಲ. ಗಡುಸು ಮರಳನ್ನು ನೀರಿನಲ್ಲಿ ಕಲಸಿ, ತಿರುಗುವ ಚಕ್ರಕ್ಕೆ ಕೊಟ್ಟು, ತಿಂಗಳುಗಟ್ಟಲೆ ಸವೆಸಿಯೇ ಆಕಾರ ತರಬೇಕು. ತೆಳುವಾದ ಮೇಲೆ ಅದರೊಳಗೆ ಬೆಳಕು ಹಾಲಿನ ಹಾಗೆ ಹರಡುತ್ತದೆ. 1912ರಲ್ಲಿ ಚಿಂಗ್ ದೊರೆತನ ಕೊನೆಗೊಂಡ ನಂತರದ ವರ್ಷಗಳಲ್ಲಿ ಇಂಥ ಎಷ್ಟೋ ಕೆತ್ತನೆಗಳು ಪರದೇಶದ ಅಂಗಡಿ ಸೇರಿದವು. ನ್ಯೂಯಾರ್ಕಿನ ವ್ಯಾಪಾರಿ ಎಡ್ವರ್ಡ್ ಫಾರ್ಮರ್ ಅವಕ್ಕೆ ಪೀಠ ಕಟ್ಟಿಸಿ, ಮೇಲೆ ಬಲ್ಬು ಕೂರಿಸಿ ದೀಪವಾಗಿ ಮಾರಿದ. ಪೀಠದ ಮೇಲೆ ಸುಮ್ಮನೆ ಕೂತ ಕೆತ್ತನೆಯನ್ನು ಇವತ್ತೂ ಬಿಚ್ಚಿ ಎತ್ತಿಕೊಳ್ಳಬಹುದು. ಆದರೆ ವೈರಿಗಾಗಿ ತಳಕ್ಕೆ ಬೈರಿಗೆ ಬಿದ್ದ ಹೂಜಿ ಮತ್ತೆ ಹೂಜಿಯಾಗುವುದಿಲ್ಲ.

ನಮ್ಮೂರು ಮೈಸೂರಿನ ಮಾತಿಗೆ ಬರೋಣ. 1897ರಲ್ಲಿ ಮರದ ಅರಮನೆ ಸುಟ್ಟುಹೋಯಿತು. 1912ರಲ್ಲಿ ಮುಗಿದ ಹೊಸ ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಿನಲ್ಲಿ ದಂತದ ಚೂರು ಕೂರಿಸಿದ ಇನ್‌ಲೇ ಇದೆ. ಆ ಕೈಚಳಕದ ಪೆಟ್ಟಿಗೆ, ಮೇಜು, ಹಲಗೆಗಳು ಮೈಸೂರಿನ ಮನೆಗಳಲ್ಲಿ ಈಗಲೂ ಇವೆ. ಒಂದು ಮನೆಯವರು ಅಂಥದೊಂದು ಹಲಗೆಯನ್ನು ನನ್ನ ಬಳಿ ತಂದಿದ್ದರು. ಬೀಟೆಯ ಕಪ್ಪಿನ ಮೇಲೆ ಹಲಸಿನ ಹಳದಿ. ಬಣ್ಣ ಬಳಿದದ್ದಲ್ಲ, ಮರದ್ದೇ ಬಣ್ಣ. ಮಾವಿನ ಮರದ ಕೆಳಗೆ ಆನೆ, ಮೇಲೆ ಮಾವುತ. ಯಾರೋ ಹಲಗೆಗೆ ತೂತು ಕೊರೆದು ಹೋಲ್ಡರ್ ಕೂರಿಸಿದ್ದರು. ತೂತು ಬಿದ್ದದ್ದು ಮಾವುತನ ಎದೆಗೆ. ವರ್ಷಗಟ್ಟಲೆ ಬಲ್ಬಿನ ಕಾವು ತಿಂದು ಸರೇಸು ಒಣಗಿತ್ತು. ಆನೆಯ ಬೆನ್ನಿನ ಚೂರು ಎದ್ದು ನಿಂತಿತ್ತು, ಉಗುರು ತಾಗಿದರೆ ಅಲುಗುತ್ತಿತ್ತು. ಆ ಚೂರನ್ನು ನೂಲಿನಷ್ಟು ಸಣ್ಣ ಗರಗಸದಲ್ಲಿ ಕೊಯ್ದು, ಅದೇ ಅಳತೆಯ ಗುಳಿ ತೋಡಿ ಕೂರಿಸಿದ ಕೈ ಯಾರದೋ! ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ದೀಪ ಮಾಡಲೇಬೇಡಿ ಎನ್ನುವವನಲ್ಲ ನಾನು. ಅಟ್ಟದ ಮೇಲೆ ಗೆದ್ದಲು ತಿನ್ನುವುದಕ್ಕಿಂತ ಹಜಾರದಲ್ಲಿ ಬೆಳಗುವುದು ಮೇಲು. ಆದರೆ ವೈರು ಪೀಠದಲ್ಲಿ ಹಾಯಲಿ, ಹಲಗೆಯಲ್ಲಿ ಬೇಡ. ಕಾವು ಕಡಿಮೆಯ ಎಲ್‌ಇಡಿ ದೀಪವನ್ನು ದೂರದಲ್ಲಿ ಇಡಿ. ಕೈಹಾಕುವ ಮುನ್ನ ಹಿಂದೆ ಮುಂದೆ ಫೋಟೊ ತೆಗೆದುಕೊಳ್ಳಿ. ಬೆನ್ನಿಗೆ ಅಂಟಿಸಿದ ಚೀಟಿಯನ್ನು ಕೀಳಬೇಡಿ, ಮಾಡಿದವರ ಗುರುತು ಅಲ್ಲೇ ಉಳಿದಿರಬಹುದು.

ಕಾನೂನಿನ ಮಾತೂ ಇದೆ. ದೇಶದ ಆನೆಗಳ ದಂತದ ವ್ಯಾಪಾರ 1986ರಲ್ಲಿ ನಿಂತಿತು, ಆಫ್ರಿಕಾದಿಂದ ಬಂದ ದಂತದ್ದು 1991ರಲ್ಲಿ. ದಂತವಿರುವ ಹಳೆಯ ಹಲಗೆ ದೀಪವಾದ ಮಾತ್ರಕ್ಕೆ ಮಾರಾಟಕ್ಕೆ ಅರ್ಹವಾಗುವುದಿಲ್ಲ. ರಿಪೇರಿಗೆ ಬಂದ ಬಿಳಿ ಚೂರು ದಂತವೋ ಪ್ಲಾಸ್ಟಿಕ್ಕೋ ಎಂದು ಗುರುತಿಸಬಲ್ಲ ಕಣ್ಣು ಇಲ್ಲಿ ಕೂತಿರುವ ಇನ್‌ಲೇ ಕೆಲಸಗಾರರಿಗಿದೆ. ಆ ತಿಳಿವಳಿಕೆ ಬರಹಕ್ಕೆ ಇಳಿಯದಿದ್ದರೆ ನಷ್ಟ ನಮ್ಮೆಲ್ಲರದು.

ಮಧ್ಯಾಹ್ನದ ಗೋಷ್ಠಿಯಲ್ಲಿ ಆ ಮಾವುತನ ಹಲಗೆಯನ್ನು ಮೇಜಿನ ಮೇಲೆ ಇಡುತ್ತೇನೆ, ಮನೆಯವರು ಒಪ್ಪಿದ್ದಾರೆ. ಮೊದಲು ಕೆಲಸಗಾರರು ಮುಟ್ಟಿ ನೋಡಲಿ. ಪ್ರಬಂಧ ಓದುವ ನಾವು ಆಮೇಲೆ ಮಾತಾಡೋಣ.