‘ಜೀರ್ಣ’ ಶಬ್ದದ ಅರ್ಥವೂ ಪ್ರಯೋಗವೂ

 

ಉತ್ಸವಕಾಲದಲ್ಲಿ ಅಭ್ಯುದಯವಾಚಕವಾದ ಶಬ್ದವನ್ನು ಬಿಟ್ಟು ಕ್ಷಯವಾಚಕವಾದುದನ್ನು ಎತ್ತಿಕೊಂಡೆನೆಂದು ತಾವು ಅನ್ಯಥಾ ಭಾವಿಸಬಾರದು. ಗ್ರಂಥಭಂಡಾರಕ್ಕೆ ದಯಮಾಡಿಸಿದ್ದ ಭಕ್ತರೊಬ್ಬರು ಒಂದು ಓಲೆಗಟ್ಟನ್ನು ತೋರಿಸಿ, “ಇದು ಜೀರ್ಣವಾಗಿದೆಯಲ್ಲ ಸ್ವಾಮಿ, ಇನ್ನೇಕೆ?” ಎಂದರು. ಆ ಮಾತೇ ಈ ವಿಚಾರಕ್ಕೆ ಕಾರಣವು.

ಜೀರ್ಣವೆಂಬುದು ‘ಜೄ’ ಧಾತುವಿನಿಂದಾದ ಕೃದಂತ. ಧಾತುಪಾಠವು ಇದಕ್ಕೆ ವಯೋಹಾನಿಯೆಂದು ಅರ್ಥ ಹೇಳುವುದು. ಜರೆಯೂ ಇದರಿಂದಲೇ ಹುಟ್ಟಿದುದು. ಜೀರಕವೆಂಬ ಸಂಸ್ಕೃತದ ಮೂಲಕ ನಮ್ಮ ಅಡಿಗೆಮನೆಯ ಜೀರಿಗೆಯೂ ಇದೇ ವಂಶದ್ದೆಂದು ಹೇಳುವುದುಂಟು! ಗೋಡೆ ಮುಪ್ಪಾಗುವುದನ್ನೂ ಉಂಡ ಅನ್ನವು ಪಚನವಾಗುವುದನ್ನೂ ಒಂದೇ ಶಬ್ದದಿಂದ ಹೇಳುತ್ತೇವೆ. ಅನ್ನವು ತನ್ನ ರೂಪವನ್ನು ಕಳೆದುಕೊಂಡರೂ ಉಂಡವನಿಗೆ ಬಲವಾಗುವುದು. ಗೋಡೆಯ ಮುಪ್ಪಿನಿಂದ ಯಾರಿಗೂ ಬಲ ಬಾರದು.

ಶಿಥಿಲವೆಂಬುದು ಬೇರೆ. ‘ಸಡಿಲ’ ಅದರ ತದ್ಭವ. ಕಟ್ಟು ಸಡಿಲವಾದರೆ ಶಿಥಿಲ. ವಸ್ತುವೇ ಸವೆದರೆ ಜೀರ್ಣ. ಓಲೆಗ್ರಂಥದಲ್ಲಿ ದಾರ ಹರಿದು ಗರಿಗಳು ಚದರಿದರೆ ಅದು ಶಿಥಿಲವೇ ಹೊರತು ಜೀರ್ಣವಲ್ಲ. ಹುಳು ತಿಂದು ಗರಿಯೇ ಮುರಿದು ಪುಡಿಯಾಗುತ್ತಿದ್ದರೆ ಜೀರ್ಣವೆನ್ನಬಹುದು. ಈ ಭೇದವನ್ನು ಮರೆತು ಎರಡನ್ನೂ ಒಂದಾಗಿ ಆಡುವುದು ರೂಢಿಯಾಗಿದೆ.

ನಮ್ಮ ನಾಡಿನ ಶಿಲಾಶಾಸನಗಳಲ್ಲಿ ‘ಖಂಡಸ್ಫುಟಿತಜೀರ್ಣೋದ್ಧಾರ’ವೆಂಬ ಸಮಾಸವು ಮತ್ತೆ ಮತ್ತೆ ಬರುವುದು. ಒಡೆದುದು, ಬಿರುಕು ಬಿಟ್ಟುದು, ಸವೆದುದು, ಇವುಗಳನ್ನು ಎತ್ತಿ ನಿಲ್ಲಿಸುವುದಕ್ಕೆಂದು ದಾನಿಗಳು ಭೂಮಿಯನ್ನು ಬಿಡುತ್ತಿದ್ದರು. ದೇವಾಲಯವು ಜೀರ್ಣವಾಗುವುದೆಂಬ ತಿಳಿವಳಿಕೆಯೇ ದಾನಕ್ಕೆ ಹೇತುವಾಗಿದ್ದಿತು. ನಾವಾದರೋ ಅದೇ ಶಬ್ದವನ್ನು ವಸ್ತುವನ್ನು ಬಿಡುವುದಕ್ಕೆ ನೆಪವಾಗಿ ಆಡುತ್ತೇವೆ. ಹಳೆಯ ಗುಡಿಯನ್ನು ಬುಡಸಹಿತ ಕೆಡವಿ ಸಿಮೆಂಟಿನಿಂದ ಹೊಸದನ್ನು ಕಟ್ಟಿ ಜೀರ್ಣೋದ್ಧಾರವೆಂದು ಫಲಕ ಹಾಕುವುದೂ ಉಂಟು. ಅಲ್ಲಿ ಉದ್ಧಾರವಾದುದು ಯಾವುದೋ ನಾನರಿಯೆ.

ನಾನು ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗ ಒಂದು ಮನೆಯವರು ಹಿರಿಯರ ಓಲೆಗಟ್ಟುಗಳನ್ನು ಜೀರ್ಣವೆಂದು ಹೊಳೆಗೆ ಬಿಟ್ಟರು. ಬುಟ್ಟಿಯನ್ನು ಹೊತ್ತವರಲ್ಲಿ ನಾನೂ ಒಬ್ಬನು. ಅವುಗಳಲ್ಲಿ ಏನಿದ್ದಿತೆಂದು ಬಿಚ್ಚಿ ನೋಡುವ ಬುದ್ಧಿ ನನಗಾಗ ಬರಲಿಲ್ಲ. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದುದು ಮನೆಮನೆಗಳಲ್ಲಿ ಉಳಿದಿದ್ದ ಇಂಥ ಕಟ್ಟುಗಳನ್ನು ಅರಸಿ ಕೂಡಿಸಿದುದರಿಂದಲೇ ಎಂಬುದನ್ನು ಓದಿದ ಮೇಲೆ ಆ ಬುಟ್ಟಿಯ ಭಾರ ನನ್ನ ತಲೆಯಿಂದ ಇಳಿದಿಲ್ಲ.

ಆ ಭಕ್ತರು ತೋರಿಸಿದ ಕಟ್ಟನ್ನು ಅವರ ಎದುರಿನಲ್ಲಿಯೇ ಬಿಚ್ಚಿದೆವು. ಗರಿಗಳು ಗಟ್ಟಿಯಾಗಿದ್ದವು, ದಾರ ಮಾತ್ರ ಹರಿದಿದ್ದಿತು. ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಸವರಿ, ಹೊಸ ದಾರವನ್ನು ಪೋಣಿಸಿ ಇಟ್ಟಿದ್ದೇವೆ. ದಾರವನ್ನು ಅವರೇ ತಂದುಕೊಟ್ಟರು.